ಜಗಲಿಯ ಮಂಚ

ಮಲೆನಾಡಿನ ಮನೆಗಳಲ್ಲಿ ಮಂಚವು ಎರಡು ಬಗೆಯದು. ಒಂದು ಒಳಗಿನ ಕೋಣೆಯದು, ರಾತ್ರಿಯ ನಿದ್ರೆಗೆ ಮೀಸಲಾದುದು, ಮತ್ತೊಂದು ಜಗಲಿಯದು. ಜಗಲಿಯ ಮಂಚಕ್ಕೆ ಹಗಲೇ ಕಾಲ. ಬಂದ ನೆಂಟನು ಅದರ ಮೇಲೆ ಕುಳಿತು ಕವಳ ಹಾಕುವನು. ಊಟವಾದ ಬಳಿಕ ಯಜಮಾನನು ಅರೆಗಣ್ಣು ಮುಚ್ಚುವನು. ಅಡಕೆ ಸುಲಿಯುವವರ ಲೆಕ್ಕದ ಪುಸ್ತಕವೂ ಅಲ್ಲಿಯೇ ಬಿಚ್ಚಿಕೊಳ್ಳುವುದು. ಆಸನವೂ ಹೌದು, ಶಯನವೂ ಹೌದು ಎನಿಸಿಕೊಂಡ ಈ ವಸ್ತುವನ್ನು ಪೇಟೆಯವರು ಈಗ 'ದಿವಾನ್ ಕಾಟ್' ಎನ್ನುತ್ತಾರೆ. ದಿವಾನವೆಂಬುದು ಪಾರಸಿಯಿಂದ ಬಂದ ಶಬ್ದ. ಮೊದಲು ಲೆಕ್ಕಪತ್ರಗಳ ದಫ್ತರಕ್ಕೆ, ಅನಂತರ ರಾಜಸಭೆಗೆ, ಬಳಿಕ ಆ ಸಭೆಯ ಗೋಡೆಗೆ ಸೇರಿಸಿದ ಮೆತ್ತೆಯ ಪೀಠಕ್ಕೆ ಹೆಸರಾಗಿ, ಕೊನೆಗೆ ಮಂಚದ ಮೇಲೆ ಬಂದು ಒರಗಿತು. ಮೈಸೂರು ಸಂಸ್ಥಾನದಲ್ಲಿ ಮುಖ್ಯಮಂತ್ರಿಯ ಪದವಿಗೂ ಅದೇ ಹೆಸರಿದ್ದಿತು. ಶಬ್ದಗಳಿಗೂ ನಿವೃತ್ತಿಯೆಂಬುದು ಉಂಟೆಂದು ತೋರುತ್ತದೆ.

ಮಂಚವನ್ನು ಆರಿಸುವುದು ನಮ್ಮ ಹಿರಿಯರಿಗೆ ಅಲ್ಪ ವಿಷಯವಾಗಿರಲಿಲ್ಲ. 6ನೆಯ ಶತಮಾನದ ವರಾಹಮಿಹಿರಾಚಾರ್ಯನು ತನ್ನ ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಅವನು ಹೇಳುವ ಪ್ರಶಸ್ತವಾದ ಮರಗಳಲ್ಲಿ ಅಸನವೆಂಬುದು ನಮ್ಮ ಹೊನ್ನೆ; ಶಾಕವು ಸಾಗುವಾನಿ; ಶಿಂಶಪೆಯು ಬೀಟೆಯ ಕುಲಕ್ಕೆ ಸೇರಿದುದು. ಸಿಡಿಲು ಹೊಡೆದ, ಗಾಳಿ ಕೆಡಹಿದ, ಆನೆ ಉರುಳಿಸಿದ ಮರಗಳು ವರ್ಜ್ಯವೆಂದಿರುವನು. ಇದು ಬರಿಯ ಶಕುನವೆಂದು ನಗುವವರು ಒಬ್ಬ ಆಚಾರಿಯನ್ನು ಕೇಳಿ ನೋಡಬೇಕು. ಹಾಗೆ ಬಿದ್ದ ಮರದ ಒಳಗೆ ಕಣ್ಣಿಗೆ ಕಾಣದ ಸೀಳು ಇರಬಹುದೆಂದು ಅವನೂ ಹೇಳುವನು. ಮಂಚದ ಉದ್ದವನ್ನು ಮಾತ್ರ ಆಚಾರ್ಯನು ಪದವಿಗೆ ತಕ್ಕಂತೆ ಹಂಚಿದನು: ಅರಸನಿಗೆ 100 ಅಂಗುಲ, ರಾಜಪುತ್ರನಿಗೆ 90, ಮಂತ್ರಿಗೆ 84, ಸೇನಾಪತಿಗೆ 78, ಪುರೋಹಿತನಿಗೆ 72.

ಈಗಿನ ಗೃಹಸ್ಥನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಪುರಾತನ ವಸ್ತು. ವ್ಯಾಪಾರದ ರೂಢಿಯಲ್ಲಿ 100 ವರ್ಷ ಕಳೆದುದಕ್ಕೆ ಮಾತ್ರ ಈ ಹೆಸರು ಸಲ್ಲುವುದು. ನಮ್ಮ ದೇಶದ 1972ರ ಪ್ರಾಚೀನವಸ್ತುಗಳ ಕಾನೂನಿನಲ್ಲಿಯೂ ಸಾಮಾನ್ಯವಾದ ಮಿತಿ ಅದೇ. ಎರಡನೆಯದು ತಂದೆಯ ಅಥವಾ ಅಜ್ಜನ ಕಾಲದ ನಡುಪ್ರಾಯದ ವಸ್ತು. 1950ರ ದಶಕದಲ್ಲಿ ಚಂಡೀಗಢ ನಗರಕ್ಕಾಗಿ ಪಿಯರ್ ಜಾನ್ನರೆ ಎಂಬ ಶಿಲ್ಪಿಯ ಮುಂದಾಳುತನದಲ್ಲಿ ತಯಾರಾದ ಸಾಗುವಾನಿ ಮತ್ತು ಬೆತ್ತದ ಪೀಠಗಳನ್ನು ಕಚೇರಿಗಳವರು ಹಳೆಯ ಸಾಮಾನೆಂದು ಹೊರಗೆ ಹಾಕಿದರು. ಅವೇ ಮುಂದೆ ಪರದೇಶಗಳ ಹರಾಜಿನಲ್ಲಿ ಬಹು ದೊಡ್ಡ ಬೆಲೆಗೆ ಹೋದುವು. ಮೂರನೆಯದು ಇಂದಿನ ಕಾರ್ಖಾನೆಯ ವಸ್ತು: ಹಗುರ, ಅಗ್ಗ, ನೋಟಕ್ಕೆ ಚೆಲುವು. ಆದರೆ ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯು ಹೊಸನಗರದ ಆಷಾಢ ಶ್ರಾವಣಗಳ ಥಂಡಿಗೆ ಉಬ್ಬಿಕೊಳ್ಳುವುದು. ಒಮ್ಮೆ ಉಬ್ಬಿದುದು ಮರಳಿ ಇಳಿಯದು.

ಹಳೆಯದನ್ನು ಕೊಳ್ಳುವವನು ಮೊದಲು ಮಂಚವನ್ನು ತಲೆಕೆಳಗು ಮಾಡಿಸಬೇಕು. ಮೇಲ್ಭಾಗಕ್ಕೆ ಅರಗಿನ ಪಾಲಿಷು ಬಳಿದವನು ಅಡಿಭಾಗವನ್ನು ಮರೆತಿರುವನು. ಕೈಗರಗಸದ ಗುರುತು ನೇರವಾಗಿಯೂ ಒಂದೇ ಸಮನಲ್ಲದೆಯೂ ಇರುವುದು. ಚಕ್ರದ ಗರಗಸದ ಗುರುತು ಬಾಗಿರುವುದು. ಕೈ ಊರುವ ಅಂಚು ಸವೆದಿದೆಯೆ, ಕಾಲಿನ ಬುಡ ಲಡ್ಡಾಗಿದೆಯೆ, ಕುಟ್ಟೆಯ ತೂತುಗಳಿಂದ ಹೊಸ ಹಿಟ್ಟು ಉದುರುವುದೆ, ಸಂದುಗಳಲ್ಲಿ ತಿಗಣೆ ಮನೆಮಾಡಿದೆಯೆ ಎಂಬಿವನ್ನು ನೋಡಿದ ಮೇಲೆಯೇ ಬೆಲೆಯ ಮಾತು.

ಆದರೆ ಹೊಸನಗರ ಸೀಮೆಯಲ್ಲಿ ಹಳೆಯ ಮಂಚವೆಂದರೆ ಬರಿಯ ಮರವಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ನಿಂತಾಗ ಸಾಗರ ಹೊಸನಗರಗಳ ಅನೇಕ ಗ್ರಾಮಗಳು ನೀರಿನಡಿಗೆ ಹೋದುವು. ಜನರು ಮನೆಗಳನ್ನು ತಾವೇ ಬಿಚ್ಚಿದರು. ಕಂಬ, ಬಾಗಿಲು, ತೊಲೆಗಳಲ್ಲಿ ಒಯ್ಯಲಾದುದನ್ನು ಒಯ್ದರು, ಆಗದುದನ್ನು ಬಂದ ಬೆಲೆಗೆ ಮಾರಿದರು. ಈಗ ಬೀಟೆಯನ್ನು ಕಡಿಯಲು ಸರಕಾರದ ಅಪ್ಪಣೆ ಬೇಕು. 2017ರಿಂದ ಆ ಕುಲದ ಮರಗಳ ಪರದೇಶ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಕಟ್ಟಳೆಯುಂಟು. ಆದುದರಿಂದಲೇ ಅಳಿದುಳಿದ ಹಳೆಯ ಮಂಚಗಳನ್ನು ಹುಡುಕಿಕೊಂಡು ವರ್ತಕರು ಘಟ್ಟ ಹತ್ತಿ ಬರುತ್ತಾರೆ.

ಪೇಟೆಯಂಚಿನ ಒಂದು ಮನೆಗೆ ಕಳೆದ ಮಳೆಗಾಲದಲ್ಲಿ ಅಂಥ ವರ್ತಕನೊಬ್ಬನು ಬಂದನು. ಮನೆಯ ಹಿರಿಯಾಕೆಯು ಎಂಬತ್ತು ದಾಟಿದವಳು. ಜಾರಿಬಿದ್ದು ಸೊಂಟದ ಎಲುಬು ಮುರಿದು, ಆಗತಾನೆ ಕೋಲು ಹಿಡಿದು ನಡೆಯತೊಡಗಿದ್ದಳು. ಹಗಲು ಕೂರಲು ಜಗಲಿಯಲ್ಲಿ ಒಂದು ಮಂಚ ಬೇಕಾಯಿತು. ಬೆಂಗಳೂರಿನ ಮೊಮ್ಮಗನು ಮೊಬೈಲಿನಲ್ಲಿ ಹೊಸ ಹೊಸ ಚಿತ್ರಗಳನ್ನು ಕಳುಹಿದನು. ಮಗನು ಮೆತ್ತಿನ ಮೇಲೆ ಧೂಳು ಹಿಡಿದಿದ್ದ ಬೀಟೆಯ ಮಂಚವನ್ನು ಇಳಿಸಿದನು. ಅದು ಮುಳುಗಿದ ಊರಿನಿಂದ ಎತ್ತಿನ ಗಾಡಿಯಲ್ಲಿ ಬಂದುದು. ಎತ್ತರ 26 ಅಂಗುಲ. ಅದರ ಮೇಲೆ ಕುಳ್ಳಿರಿಸಿದರೆ ತಾಯಿಯ ಪಾದಗಳು ಕೂಸಿನವುಗಳಂತೆ ನೇತಾಡಿದುವು. ಕಡೆದ ಕಾಲುಗಳನ್ನು 10 ಅಂಗುಲ ಕೊಯ್ಯಿಸಬೇಕೆಂದು ಮಗನು ಹೊರಟನು. ಕೊಯ್ದ ಮೇಲೆ ಅದಕ್ಕೆ ಬೆಲೆಯಿಲ್ಲ, ಈಗಲೇ ಕೊಡಿ ಎಂದು ವರ್ತಕನು ನೋಟುಗಳನ್ನು ಎಣಿಸಿದನು.

ಆಗ ಹಿರಿಯಾಕೆಯು ಹೇಳಿದಳು: "ಮಗಾ, ಅದರ ಕಾಲು ಕೊಯ್ಯಬೇಡ, ಮಾರಲೂ ಬೇಡ. ಅಷ್ಟು ದೊಡ್ಡ ಮನೆಯಲ್ಲಿ ಮುಳುಗದೆ ಉಳಿದದ್ದು ಅದೊಂದು. ಆದರೆ ಅದು ನಿನ್ನ ಅಪ್ಪನ ಮೈಗೆ ಮಾಡಿಸಿದ್ದು. ಯಾರೋ ಎತ್ತಿ ಕೂರಿಸುವ ಮಂಚ ನನಗೆ ಬೇಡ. ನಾನೇ ಕೂತು ನಾನೇ ಏಳುವಂಥದು ಒಂದು ಮಾಡಿಸು."

ವರ್ತಕನು ನೋಟುಗಳನ್ನು ಮಡಿಸಿಕೊಂಡನು. ಮರುದಿನ ಊರಿನ ಆಚಾರಿ ಬಂದು ನೆಲದಿಂದ ಆಕೆಯ ಮೊಣಕಾಲಿನ ಮಡಿಕೆಯವರೆಗೆ ಅಳೆದನು: 16 ಅಂಗುಲ. ಮನೆಯಲ್ಲಿ ಒಣಗಿಸಿಟ್ಟಿದ್ದ ಹಲಸಿನ ಹಲಗೆಯಿಂದ, ಏಳುವಾಗ ಕೈ ಊರಲು ಒಂದು ಬದಿಗೆ ಗಟ್ಟಿಯಾದ ತೋಳು ಇಟ್ಟು, ಅಲಂಕಾರವೇನೂ ಇಲ್ಲದ ಮಂಚವೊಂದನ್ನು ಮಾಡಿದನು. ಬೀಟೆಯ ಮಂಚವು ಮೆತ್ತಿಗೆ ಮರಳಲಿಲ್ಲ. ಈಗ ಅದರ ಮೇಲೆ ಮಗನು ಮಲಗುತ್ತಾನೆ.

ಹಳೆಯದೋ ಹೊಸದೋ ಎಂಬ ವಾದವನ್ನು ಅಂಗಡಿಯಲ್ಲಿ ನಿಂತು ತೀರಿಸುವುದು ಕಷ್ಟ. ಆ ಮಂಚದ ಮೇಲೆ ಯಾರು ಕೂರುವರು, ಹೇಗೆ ಏಳುವರು ಎಂದು ಕೇಳಿಕೊಂಡರೆ ಅರ್ಧ ವಾದವು ತಾನಾಗಿ ಅಡಗುವುದು. ವರಾಹಮಿಹಿರನು ಪದವಿಯಿಂದ ಅಳೆದುದನ್ನು ಹಳ್ಳಿಯ ಆಚಾರಿ ಮೊಣಕಾಲಿನಿಂದ ಅಳೆದನು. ಅರಮನೆಗೆ ಆ ಅಳತೆ ಸರಿ. ಮನೆಗೆ ಈ ಅಳತೆ. ಹಲಸಿನ ಹಳದಿ ಬಣ್ಣ ಈಗಾಗಲೇ ಕಂದತೊಡಗಿದೆ. ಆ ಮುದುಕಿಯು ದಿನಕ್ಕೆ ನಾಲ್ಕಾರು ಬಾರಿ ಯಾರ ಕೈಯನ್ನೂ ಹಿಡಿಯದೆ ಅದರಿಂದ ಏಳುತ್ತಾಳೆ.