ಹ್ಯೂಸ್ಟನ್‌ನಲ್ಲಿ ಶುಕ್ರವಾರ ರಾತ್ರಿ

ಹ್ಯೂಸ್ಟನ್‌ನ ಸೆಕೆಗೆ ಮೇ ತಿಂಗಳ ಮಂಗಳೂರು ನೆನಪಾಯಿತು. ಮನೆಯೊಳಗೆ ಹೊಕ್ಕರೆ ಎಸಿ ಚಳಿಗೆ ಸ್ವೆಟರ್ ಬೇಕು! ನಡೆದು ಹೋಗಿ ಬರುತ್ತೇನೆಂದಾಗ ನೆಂಟರು ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಇಲ್ಲಿ ಹಾಲು ತರುವುದಕ್ಕೂ ಕಾರೇ.

ಹಟ ಹಿಡಿದು ಮಾಂಟ್ರೋಸ್ ಬಡಾವಣೆಯಲ್ಲಿ ನಡೆಯುತ್ತಿದ್ದೇನೆ. ಓಕ್ ಮರದ ಬೇರುಗಳು ಫುಟ್‌ಪಾತ್ ಎಬ್ಬಿಸಿವೆ. ಎಡವಿದ ಕೂಡಲೇ ಬಸವನಗುಡಿಗೆ ಬಂದಷ್ಟು ಸಮಾಧಾನ! ಈ ಊರಿನ ಸಲಿಂಗಿಗಳಿಗೆ ದಶಕಗಳ ಕಾಲ ಆಸರೆಯಾಗಿದ್ದ ಬೀದಿಗಳಿವು. ನನ್ನನ್ನು ಇಲ್ಲಿಗೆ ಎಳೆತಂದದ್ದು ರೇಡಿಯೋದ ರೇ ಹಿಲ್‌ನ ಕತೆ. ಹರೆಯದಲ್ಲಿ ಬ್ಯಾಪ್ಟಿಸ್ಟ್ ಪ್ರವಚನಕಾರ, ಆಮೇಲೆ ಕನ್ನಗಳ್ಳ, ಜೈಲುಹಕ್ಕಿ. ಹೊರಬಂದ ಮೇಲೆ ಸಲಿಂಗಿಗಳ ಹೋರಾಟಗಾರ. 1977ರಲ್ಲಿ, ಸಲಿಂಗಿಗಳ ವಿರುದ್ಧ ಪ್ರಚಾರಕ್ಕಿಳಿದಿದ್ದ ಗಾಯಕಿ ಅನಿತಾ ಬ್ರಯಂಟ್ ಈ ಊರಿಗೆ ಬಂದಾಗ ಸಾವಿರಾರು ಜನರನ್ನು ಬೀದಿಗಿಳಿಸಿದವರಲ್ಲಿ ಆತನೂ ಒಬ್ಬ.

1982ರಲ್ಲಿ ಇದೇ ಬಡಾವಣೆಯಲ್ಲಿ ಪೊಲೀಸರು ಆತನ ಗೆಳೆಯನೊಬ್ಬನನ್ನು ತಡೆದು ನಿಲ್ಲಿಸಿದ್ದರು. ‘ನಿಮ್ಮ ಗಾತ್ರದವರ ತಂಟೆಗೆ ಹೋಗಿ’ ಎಂಬರ್ಥದಲ್ಲಿ ಹಿಲ್ ಕೂಗಿದ. ಪೊಲೀಸರ ಕೆಲಸಕ್ಕೆ ಅಡ್ಡಿ ಎಂದು ಬಂಧನವಾಯಿತು. ಹಿಲ್ ಬಿಡಲಿಲ್ಲ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಬಂಧನಕ್ಕೆ ಆಧಾರವಾಗಿದ್ದ ನಗರ ಕಾನೂನನ್ನೇ ಅಸಿಂಧುಗೊಳಿಸಿತು. ನಮ್ಮ ಟ್ರಾಫಿಕ್ ಪೇದೆಯೆದುರು ಬಾಯಿ ಒಣಗುವ ನಾನು ಆ ಬೀದಿಯಲ್ಲಿ ಸುಮ್ಮನೆ ಒಮ್ಮೆ ಕೆಮ್ಮಿ ಮುಂದೆ ನಡೆದೆ.

ಲವೆಟ್ ರಸ್ತೆ. ಹಿಲ್ ವ್ಯವಸ್ಥಾಪಕನಾಗಿದ್ದ ಕೆಪಿಎಫ್‌ಟಿ ಬಾನುಲಿ ಬಹುಕಾಲ ಇದ್ದದ್ದು ಇಲ್ಲಿಯ ಹಳೆ ಮನೆಯೊಂದರಲ್ಲಿ. ಆಕಾಶವಾಣಿಯ ಗೇಟಿನಲ್ಲಿ ಪಾಸಿಗೆ ಕಾದು ಅಭ್ಯಾಸವಾದವನಿಗೆ ಇದೆಂಥ ನಿಲಯ ಅನಿಸುತ್ತದೆ. ಆದರೆ 1970ರಲ್ಲಿ, ಶುರುವಾದ ವರ್ಷವೇ, ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಗುಂಪಿನವರು ಅದರ ಟ್ರಾನ್ಸ್‌ಮಿಟರಿಗೆ ಎರಡು ಸಲ ಬಾಂಬಿಟ್ಟಿದ್ದರು!

1980ರಲ್ಲಿ ಹಿಲ್ ಅಲ್ಲಿ ‘ಪ್ರಿಸನ್ ಶೋ’ ಆರಂಭಿಸಿದ. ಕೈದಿಗಳ ಮನೆಯವರು ಸ್ಟುಡಿಯೋಗೆ ಫೋನ್ ಮಾಡಿ ಮಾತಾಡುತ್ತಾರೆ, ಜೈಲಿನಲ್ಲಿರುವವರು ರೇಡಿಯೋಗೆ ಕಿವಿಗೊಟ್ಟು ಕೇಳುತ್ತಾರೆ. ಬಾಲ್ಯದ ಕೋರಿಕೆ ಕಾರ್ಯಕ್ರಮದಲ್ಲಿ ನಮ್ಮೂರ ಹೆಸರು ಬಂದೀತೇ ಎಂದು ಕಾದದ್ದು ನೆನಪಾಗುತ್ತದೆ. ಇಲ್ಲಿ ಹಾಡಿಲ್ಲ. ಮಗುವಿಗೆ ಹಲ್ಲು ಬಂತು, ಅಜ್ಜಿಗೆ ಹುಷಾರಿಲ್ಲ, ಮುಂದಿನ ತಿಂಗಳು ನೋಡಲು ಬರುತ್ತೇವೆ ಎಂಬಂಥ ಮಾತುಗಳು. ಜೈಲೂಟ ಉಂಡವನಿಗಲ್ಲದೆ ಇದು ಹೊಳೆಯುತ್ತಿತ್ತೇ?

ಹಿಲ್ 2018ರ ನವೆಂಬರ್‌ನಲ್ಲಿ ತೀರಿಕೊಂಡ. ಕಾರ್ಯಕ್ರಮ ನಿಲ್ಲಲಿಲ್ಲ. ಹ್ಯೂಸ್ಟನ್‌ಗೆ ಹೋದರೆ ನಾಸಾ ನೋಡಿ ಬನ್ನಿ. ಶುಕ್ರವಾರ ರಾತ್ರಿ ಮಾತ್ರ ಕಾರಿನ ರೇಡಿಯೋವನ್ನು 90.1ಕ್ಕೆ ತಿರುಗಿಸಿ.