ಊರು ಕಾಯುವ ಕೈಗಳು

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಸಾಗುವ ದಾರಿಯಲ್ಲಿ ಸಿಗುವ ಊರು ಸಾರವಾಡ. ಸುತ್ತಲೂ ಡೋಣಿ ನದಿಯ ಬಯಲಿನ ಎರೆಹೊಲಗಳು. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಮಾಗಿ ರಾಶಿ ಮುಗಿಯುವ ಹೊತ್ತಿಗೆ ಬೇಸಗೆ ಕಾಲಿಟ್ಟಿರುತ್ತದೆ. ಕಾಳು ಚೀಲ ಸೇರುತ್ತದೆ. ಕಣಿಕೆ ಬಣವೆಯಾಗಿ ನಿಲ್ಲುತ್ತದೆ. ಆ ಬಣವೆಯೇ ಎತ್ತು ಎಮ್ಮೆಗಳಿಗೆ ಮುಂದಿನ ಮಳೆಗಾಲದವರೆಗಿನ ಆಹಾರ. ಅದಕ್ಕೊಂದು ಕಿಡಿ ತಗುಲಿದರೆ ಸುಡುವುದು ಬರಿಯ ಮೇವಲ್ಲ, ಒಂದು ಒಕ್ಕಲು ಕುಟುಂಬದ ವರ್ಷದ ದುಡಿಮೆ. ಮೇವಿಲ್ಲದ ರೈತನು ಮನೆಯ ಮಕ್ಕಳಂತೆ ಸಾಕಿದ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕಾಗುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ನೆನಪಾಗುವುದು ಅಗ್ನಿಶಾಮಕ ದಳ. 101 ಅಥವಾ 112ಕ್ಕೆ ಕರೆ ಹೋದೊಡನೆ ವಾಹನ ಠಾಣೆಯಿಂದ ಹೊರಡುತ್ತದೆ. ಆದರೆ ಎಷ್ಟೇ ವೇಗವಾಗಿ ಬಂದರೂ ಅದು ದಾರಿಯನ್ನು ಕ್ರಮಿಸಲೇಬೇಕು. ಒಣ ಕಣಿಕೆಗೆ ಹತ್ತಿದ ಬೆಂಕಿಯಾದರೋ ಯಾರಿಗೂ ಕಾಯುವುದಿಲ್ಲ. ಬಂದ ವಾಹನದ ನೀರೂ ಅಕ್ಷಯವಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ವಾಹನವೊಂದು ಸುಮಾರು 4500 ಲೀಟರು ನೀರನ್ನು ತರುತ್ತದೆ. ಪಂಪನ್ನು ಪೂರ್ಣ ಬಲದಿಂದ ನಡೆಸಿದರೆ ಅದು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಯಾವ ಬಾವಿಯಲ್ಲಿ ನೀರಿದೆ, ಯಾವ ಓಣಿಯಲ್ಲಿ ವಾಹನ ಹೊರಳೀತು ಎಂಬುದನ್ನು ಊರಿನವರೇ ಹೇಳಬೇಕು. ಆದುದರಿಂದ ಬೆಂಕಿಯನ್ನು ಗೆಲ್ಲಲು ಎರಡು ಬಗೆಯ ಜನ ಬೇಕು: ಠಾಣೆಯಲ್ಲಿ ಸಿದ್ಧರಾಗಿರುವ ವೃತ್ತಿಯವರು ಮತ್ತು ಊರಿನಲ್ಲಿ ಸಿದ್ಧರಾಗಿರುವ ಸ್ವಯಂಸೇವಕರು.

ಮೊದಲನೆಯವರನ್ನು ಸರ್ಕಾರ ಆರಿಸುತ್ತದೆ. ಕರ್ನಾಟಕದ ಅಗ್ನಿಶಾಮಕ ಇಲಾಖೆ 2020ರಲ್ಲಿ 1567 ಹುದ್ದೆಗಳಿಗೆ ಅರ್ಜಿಗಳನ್ನು ಕರೆಯಿತು. ಅವುಗಳಲ್ಲಿ 1222 ಅಗ್ನಿಶಾಮಕರ ಹುದ್ದೆಗಳು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಹಳ್ಳಿಯ ತರುಣನಿಗೂ ಆ ಬಾಗಿಲು ತೆರೆದಿತ್ತು. ದೇಹಬಲವನ್ನು ಓಟದಿಂದಲೂ ಅಳತೆಗಳಿಂದಲೂ ಪರೀಕ್ಷಿಸಬಹುದು. ಆದರೆ ಬೆಂಕಿಯಿಲ್ಲದ ದಿನಗಳಲ್ಲಿಯೂ ಬೇಸರಿಸದೆ ಕೊಳವೆಗಳನ್ನು ಒಣಗಿಸಿ, ಪಂಪನ್ನು ನಡೆಸಿ ನೋಡಿ, ಏಣಿಯ ಅಭ್ಯಾಸ ಮಾಡುವ ನಿಷ್ಠೆಯನ್ನು ಒಂದು ದಿನದ ಪರೀಕ್ಷೆ ಅಳೆಯಲಾರದು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿಯ ಅಂಡಿಗೆಗಳೊಡನೆ ಸ್ಫೋಟಕಗಳೂ ಅದರಲ್ಲಿದ್ದವು. ಆ ದುರಂತದಲ್ಲಿ 66 ಮಂದಿ ಅಗ್ನಿಶಾಮಕರು ಮಡಿದರು. ಪ್ರತಿವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗಾಗಿ. ಈ ಕೆಲಸಕ್ಕೆ ಹೆಸರು ಕೊಡುವವನು ಸಂಬಳದ ಜತೆಗೆ ಇಂಥ ಋಣವೊಂದನ್ನೂ ಒಪ್ಪಿಕೊಳ್ಳುತ್ತಾನೆ.

ಎರಡನೆಯವರನ್ನು ಊರೇ ಆರಿಸಿಕೊಳ್ಳಬೇಕು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಟ್ಟಿದ ಸಂಘದ ಪ್ರತಿಯೊಬ್ಬ ಸದಸ್ಯನೂ ತೊಗಲಿನ ಬಕೀಟುಗಳನ್ನೂ, ಸಾಮಾನು ಹೊತ್ತು ತರಲು ಗಟ್ಟಿ ಚೀಲಗಳನ್ನೂ ಮನೆಯಲ್ಲಿ ಸದಾ ಸಿದ್ಧವಾಗಿಡಬೇಕಾಗಿತ್ತು. ಇಂದಿಗೂ ಜರ್ಮನಿಯ ಸಣ್ಣ ಊರುಗಳನ್ನು ಬೆಂಕಿಯಿಂದ ಕಾಯುವವರು ಹೆಚ್ಚಾಗಿ ಸ್ವಯಂಸೇವಕರೇ. ಭಾರತದಲ್ಲಿಯೂ ಗೃಹರಕ್ಷಕ ದಳವಿದೆ. 1968ರ ಅಧಿನಿಯಮದಂತೆ ಪೌರರಕ್ಷಣಾ ದಳವಿದೆ. ಸಾಮಾನ್ಯ ನಾಗರಿಕರಿಗೆ ವಿಪತ್ತಿನ ತರಬೇತಿ ನೀಡುವ ‘ಆಪದ ಮಿತ್ರ’ ಯೋಜನೆ 2016ರಲ್ಲಿ ಆರಂಭವಾಯಿತು.

ಬೆಂಕಿ ಕಂಡಾಗ ಹಳ್ಳಿಯಲ್ಲಿ ಓಡಿ ಬರುವವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಯಾರು ಏನು ಮಾಡಬೇಕೆಂಬ ತಿಳಿವಳಿಕೆಗೆ. ಎಲ್ಲರೂ ಕೊಡ ಹಿಡಿದು ಒಂದೇ ಕಡೆ ನುಗ್ಗಿದರೆ ಗೊಂದಲವೇ ಹೆಚ್ಚು. ಒಬ್ಬನು ಠಾಣೆಗೆ ಕರೆ ಮಾಡಬೇಕು. ಒಬ್ಬನು ದನಗಳ ಕಣ್ಣಿ ಬಿಚ್ಚಬೇಕು. ಇಬ್ಬರು ಪಕ್ಕದ ಬಣವೆಗೆ ನೆನೆಸಿದ ಗೋಣಿತಟ್ಟು ಹೊದಿಸಬೇಕು. ಒಬ್ಬನು ಹೆದ್ದಾರಿಯಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸಬೇಕು. ವಿದ್ಯುತ್ತಿನ ಬೆಂಕಿಗೂ ಕುದಿಯುವ ಎಣ್ಣೆಯ ಬೆಂಕಿಗೂ ನೀರೆರಚುವುದು ಅಪಾಯವೆಂಬುದು ಎಲ್ಲರಿಗೂ ತಿಳಿದಿರಬೇಕು. ಗಂಡಸರು ಹೊಲದಲ್ಲಿರುವ ನಡುಹಗಲಿನಲ್ಲಿ ಬೆಂಕಿ ಬಿದ್ದರೆ ಊರಲ್ಲಿರುವವರು ಹೆಂಗಸರು. ಅವರನ್ನು ಬಿಟ್ಟು ಮಾಡಿದ ಪಟ್ಟಿ ಅರೆಪಟ್ಟಿಯೇ ಸರಿ. 2002ರಲ್ಲಿ ಹರ್ಷಿಣಿ ಕನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಮಹಾವಿದ್ಯಾಲಯವನ್ನು ಸೇರಿದ ಮೊದಲ ಮಹಿಳೆಯಾದರು. ಈ ಕೆಲಸ ಗಂಡಸರದೇ ಎಂಬ ಮಾತು ಅಲ್ಲಿಗೆ ಹಳತಾಯಿತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಹಿರಿಯರು ನಕ್ಕು ಮರೆಯಲೆಂದು ಹೇಳಲಿಲ್ಲ. ಬಾವಿಗೆ ಸಲ್ಲುವ ಮಾತು ಜನರಿಗೂ ಸಲ್ಲುತ್ತದೆ. ಹೊತ್ತಿದ ಬೆಂಕಿಯ ಮುಂದೆ ನಿಂತು ಕೆಚ್ಚಿನ ಕೈಗಳನ್ನು ಹುಡುಕಿದರೆ ಅವು ಸಿಗುತ್ತವೆ, ಪಳಗಿದ ಕೈಗಳು ಸಿಗುವುದಿಲ್ಲ. ಸಾರವಾಡದಂಥ ಊರಿನಲ್ಲಿ ಆ ಕೈಗಳನ್ನು ಪಳಗಿಸಲು ತಕ್ಕ ಕಾಲ, ಬಣವೆಗಳು ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿರುವ ದಿನಗಳು.