ಹಿಪ್ಪೆ ಗುಡ್ಡದ ಬಿಸಿ

ಮೇ ತಿಂಗಳ ಮಧ್ಯಾಹ್ನ. ಕಬ್ಬು ಅರೆಯುವುದು ಎಂದೋ ನಿಂತಿದೆ. ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲಿಲ್ಲ, ಊರಿಗೆಲ್ಲ ಹರಡುತ್ತಿದ್ದ ಪಾಕದ ವಾಸನೆಯಿಲ್ಲ. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಬಗ್ಯಾಸ್, ಅಂದರೆ ಕಬ್ಬಿನ ಹಿಪ್ಪೆಯ ಗುಡ್ಡ ಮಾತ್ರ ಉಳಿದಿದೆ. ಒಂದು ಟನ್ ಕಬ್ಬು ಅರೆದರೆ ಹತ್ತಿರಹತ್ತಿರ 300 ಕೆ.ಜಿ. ಹಿಪ್ಪೆ ಬೀಳುತ್ತದೆ. ಆಳಂದ, ಅಫಜಲಪುರ ಎರಡೂ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ; ಇಂಥ ಗುಡ್ಡ ಈ ಕಡೆಯವರಿಗೆ ಹೊಸದಲ್ಲ.

ಲೋಡರ್ ಬಕೆಟ್ಟು ಗುಡ್ಡದ ಹೊಟ್ಟೆಗೆ ಬಾಯಿ ಹಾಕಿತು. ಒಳಗಿನಿಂದ ಬಿಸಿ ಗಾಳಿ ನಿಮ್ಮ ಮುಖಕ್ಕೇ ಹೊಡೆಯುತ್ತದೆ. ಒಂದು ಹಿಡಿ ಹಿಪ್ಪೆ ಎತ್ತಿಕೊಳ್ಳಿ. ಹೊರಗಿನದು ಬಿಸಿಲಿಗೆ ಬಿಳಿಚಿದೆ, ಒಳಗಿನದು ಕಂದು, ಅಂಗೈಗೆ ಬೆಚ್ಚಗೆ. ಎಳೆ ಬಿಡಿಸಿದರೆ ವಿಭೂತಿ ಉಜ್ಜಿದ ಹಾಗೆ ಬೂದುಬಿಳಿ ಪುಡಿ ಬೆರಳಿಗೆ ಹತ್ತುತ್ತದೆ.

ಗಿರಣಿಯಿಂದ ಬೀಳುವಾಗ ಹಿಪ್ಪೆಯಲ್ಲಿ ಅರ್ಧದಷ್ಟು ನೀರು, ಸ್ವಲ್ಪ ಸಕ್ಕರೆ ಇರುತ್ತದೆ. ಒಟ್ಟಿದ ಮೇಲೆ ಅದು ಹುಳಿಯುತ್ತದೆ, ಕಾಯುತ್ತದೆ. ಆ ಕಾವಿನಲ್ಲೇ ಥರ್ಮೋಆಕ್ಟಿನೋಮೈಸಿಸ್ ಸ್ಯಾಕರಿ ಎಂಬ ಜೀವಾಣು ಹಬ್ಬುತ್ತದೆ. ನೋಡಲು ಬೂಷ್ಟು, ಜಾತಿಯಲ್ಲಿ ಬ್ಯಾಕ್ಟೀರಿಯಾ. ಹಿಪ್ಪೆ ಒಣಗಿದಾಗ ಅದರ ಬೀಜಾಣುಗಳು ಧೂಳಾಗಿ ಏಳುತ್ತವೆ. ಗಾತ್ರ ಸುಮಾರು ಒಂದು ಮೈಕ್ರಾನ್. ಮೂಗು, ಗಂಟಲು ದಾಟಿ ನೇರ ಪುಪ್ಪುಸದ ತಳಕ್ಕಿಳಿಯುತ್ತವೆ.

ಈಗ ಬೆಲ್ಟಿನ ಗ್ಯಾಲರಿಯೊಳಗೆ ಬನ್ನಿ. ಎರಡೂ ಕಡೆ ತಗಡು, ಮೇಲೂ ತಗಡು. ಹಿಪ್ಪೆ ಉರಿಸುವ ಬಾಯ್ಲರಿನತ್ತ ಓಡುವ ಬೆಲ್ಟಿನಿಂದ ಉದುರಿದ್ದನ್ನು ಇಬ್ಬರು ಸಲಿಕೆಯಿಂದ ಎತ್ತಿ ಮತ್ತೆ ಹಾಕುತ್ತಿದ್ದಾರೆ. ತಗಡಿನ ತೂತಿನಿಂದ ಬಿದ್ದ ಬಿಸಿಲ ಕೋಲಿನಲ್ಲಿ ಗಾಳಿಯೇ ಹಳದಿಯಾಗಿ ಕಾಣುತ್ತದೆ. ಗುತ್ತಿಗೆಯ ಹುಡುಗ ಕೆಮ್ಮುತ್ತಾನೆ.

‘ಕಾಕಾ, ನಿಮಗೇನೂ ಆಗಂಗಿಲ್ಲೇನ್ರಿ?’

‘ದಸ್ತಿ ಕಟ್ಟೀನಲ್ಲೋ. ಮನಿಗಿ ಹೋಗಿ ಬೆಲ್ಲ ತಿನ್ನು, ಧೂಳ ಇಳೀತದ.’

ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಪುಪ್ಪುಸಕ್ಕೆ. ದಾರಿಯೇ ಬೇರೆ. ದಸ್ತಿಯ ನೂಲಿನ ಸಂದಿನಲ್ಲಿ ಒಂದು ಮೈಕ್ರಾನಿನ ಕಣ ಆರಾಮಾಗಿ ನುಸುಳುತ್ತದೆ. ಬೇಕಾದದ್ದು ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್. ಆದರೆ 42 ಡಿಗ್ರಿ ಸೆಕೆಯಲ್ಲಿ, ತಗಡಿನೊಳಗೆ ಇಡೀ ಪಾಳಿ ಅದನ್ನು ಹಾಕಿಕೊಂಡೇ ಇರಿ ಎನ್ನುವವರು ಒಂದು ತಾಸು ತಾವೇ ಹಾಕಿಕೊಂಡು ಸಲಿಕೆ ಹಿಡಿಯಲಿ.

ರಾತ್ರಿ ಹುಡುಗನಿಗೆ ಚಳಿಜ್ವರ. ಎದೆ ಬಿಗಿಯುತ್ತದೆ, ಮೆಟ್ಟಿಲು ಹತ್ತಿದರೆ ದಮ್ಮು. ಧೂಳು ಕುಡಿದ ನಾಲ್ಕರಿಂದ ಎಂಟು ತಾಸಿಗೆ ಬರುವುದೇ ಇದರ ಚಾಳಿ. ಬಿಸಿಲು ಬಡಿದಿದೆ ಎನ್ನುತ್ತಾರೆ ಮನೆಯವರು. ದವಾಖಾನೆಯಲ್ಲಿ ಏನು ಕೆಲಸ ಎಂದು ಕೇಳಿದರೆ ‘ಕೂಲಿ ರೀ’ ಎನ್ನುತ್ತಾನೆ. ಹಿಪ್ಪೆಯ ಸುದ್ದಿ ಅಲ್ಲಿಗೆ ಮುಗಿಯಿತು. ಎರಡು ದಿನ ಮನೆಯಲ್ಲಿದ್ದರೆ ಜ್ವರ ತಾನಾಗಿ ಬಿಡುತ್ತದೆ. ಕೆಲಸಕ್ಕೆ ಬಂದರೆ ಮತ್ತೆ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಪುಪ್ಪುಸ ಗಡುಸಾಗುತ್ತದೆ, ಅದು ತಿರುಗಿ ಮೆತ್ತಗಾಗುವುದಿಲ್ಲ.

ಇದಕ್ಕೆ ಬಗ್ಯಾಸೋಸಿಸ್ ಎಂಬ ಹೆಸರಿದೆ. ಭಾರತದಲ್ಲಿ ಮೊದಲು ವರದಿಯಾದದ್ದು 1955ರಲ್ಲಿ, ಕೋಲ್ಕತ್ತ ಬಳಿಯ, ಹಿಪ್ಪೆ ಬಳಸುವ ರಟ್ಟಿನ ಕಾರ್ಖಾನೆಯಿಂದ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ರೋಗಗಳ ಪಟ್ಟಿಗೂ ಅದು ಸೇರಿತು. ಪರಿಹಾರ ಸಿಗಬೇಕಾದರೆ ಮೊದಲು ಯಾರಾದರೂ ಚೀಟಿಯ ಮೇಲೆ ಆ ಹೆಸರು ಬರೆಯಬೇಕಲ್ಲ!

ತಡೆಯುವ ಉಪಾಯವೂ ಹಳೆಯದೇ. ಹಿಪ್ಪೆಯ ತೇವ ನೂರಕ್ಕೆ 20ಕ್ಕಿಂತ ಕೆಳಗಿಳಿಯಬಾರದು; ಬೂಷ್ಟು ಏಳದಂತೆ ನೂರಕ್ಕೆ 2ರ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸಬೇಕು; ಬೆಲ್ಟು ಮುಚ್ಚಿರಬೇಕು, ಧೂಳು ಏಳುವಲ್ಲೇ ಅದನ್ನು ಹೀರುವ ಫ್ಯಾನಿರಬೇಕು. ಬೆಂಕಿ ಹತ್ತಿದರೆ ಇರಲಿ ಎಂದು ಅಂಗಳದಲ್ಲಿ ನೀರಿನ ಪೈಪು ಹೇಗೂ ಬಿದ್ದಿದೆ.

ಮರುದಿನ ಲೋಡರ್ ಶುರುವಾಗುವ ಮುಂಚೆ ಕಾಕಾನೇ ಆ ಪೈಪು ಎಳೆದು ತರುತ್ತಾನೆ. ಮೇಸ್ತ್ರಿ ಅಡ್ಡ ಬರುತ್ತಾನೆ.

‘ನೀರ್ ಹೊಡೀಬ್ಯಾಡ. ಹಸಿ ಹಿಪ್ಪಿ ಉರಿಯಂಗಿಲ್ಲ, ಬಾಯ್ಲರ್ ಪ್ರೆಶರ್ ಇಳೀತದ.’

‘ಸೀಜನ್‌ನಾಗ ಅರ್ಧಕ್ಕರ್ಧ ನೀರಿದ್ದ ಹಿಪ್ಪೀನೇ ಉರಸ್ತೇವಲ್ರೀ, ಆಗ ಇಳೀಲಿಲ್ಲೇನು?’